ಗಂಬೂಟು ಕಚ್ಚುವ ಮರಿಗೆ ಏನು ಕೊಡುವುದು? ಕ್ಯಾರೆಟ್, ರಬ್ಬರ್, ಕಾಫಿ ಕಡ್ಡಿ, ಎಲುಬು

ಹೋದ ವರ್ಷ ಜುಲೈ ಒಂದು ತಿಂಗಳಲ್ಲೇ ನಾನು ಮೂರು ಜೊತೆ ಗಂಬೂಟು ಕೊಂಡೆ. ವಿರಾಜಪೇಟೆಯ ಅಂಗಡಿಯವರು "ತೋಟಕ್ಕೆ ಹೊಸ ಆಳು ಬಂದರಾ ಅಣ್ಣ?" ಎಂದು ಕೇಳಿದರು. ಆಳು ಬಂದಿರಲಿಲ್ಲ. ಜಿಮ್ಮಿ ಬಂದಿದ್ದ.

ಜೂನ್ ಮಧ್ಯದಲ್ಲಿ, ಎಂಟು ವಾರದ ನಾಯಿಮರಿಯಾಗಿ ಬಂದವನು. ಅವನ ಹಲ್ಲು ಬದಲಾಗಲು ಶುರುವಾಗಿದ್ದು ಸರಿಯಾಗಿ ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ. ಹೊರಗೆ ಬಿಡುವ ಹಾಗಿಲ್ಲ, ಒಳಗೆ ಇಟ್ಟುಕೊಂಡರೆ ಮನೆ ಉಳಿಯುವ ಹಾಗಿಲ್ಲ. ಗಂಬೂಟು, ಕೊಡೆಯ ಹಿಡಿ, ಅಮ್ಮನ ಮೊಣಕಾಲಿನ ಪಟ್ಟಿ, ಜಗಲಿಯ ಬೆತ್ತದ ಕುರ್ಚಿ, ಒಂದು ಸಲ ಇನ್ವರ್ಟರ್ ವೈರ್ ಕೂಡ. ನೋಡಿದವರೆಲ್ಲ ಒಂದೊಂದು ಮದ್ದು ಹೇಳಿದರು. ಹೆಚ್ಚುಕಮ್ಮಿ ಎಲ್ಲವನ್ನೂ ಮಾಡಿ ನೋಡಿದೆ. ಕೆಲವಕ್ಕೆ ದುಡ್ಡು ಹೋಯಿತು, ಕೆಲವಕ್ಕೆ ನಿದ್ದೆ ಹೋಯಿತು. ಒಂದು ಮಾತ್ರ ಗೊತ್ತಾಯಿತು. ಪಟ್ಟಣದವರಿಗೆ ಹೇಳುವ ಸಲಹೆಗಳಲ್ಲಿ ಅರ್ಧಕ್ಕರ್ಧ ನಮ್ಮ ಮಳೆಗಾಲದ ಮನೆಗೆ ಹೊಂದುವುದಿಲ್ಲ.

ಮೊದಲು ಬಾಯಿಯ ಲೆಕ್ಕ

ಮರಿಗೆ 28 ಹಾಲುಹಲ್ಲು ಇರುತ್ತವೆ. ದೊಡ್ಡ ನಾಯಿಗೆ 42. ಮೂರು ತಿಂಗಳು ದಾಟಿದಾಗ ಮುಂದಿನ ಸಣ್ಣ ಹಲ್ಲುಗಳು ಮೊದಲು ಬೀಳುತ್ತವೆ. ಐದಾರು ತಿಂಗಳ ಹೊತ್ತಿಗೆ ಕೋರೆಹಲ್ಲು. ದವಡೆ ಹಲ್ಲುಗಳು ಬಂದು ಮುಗಿಯುವಾಗ ಮರಿಗೆ ಆರೇಳು ತಿಂಗಳು ತುಂಬಿರುತ್ತದೆ. ಅಂದರೆ ಮೂರೂವರೆ ನಾಲ್ಕು ತಿಂಗಳ ಕಾಟ. ಏಪ್ರಿಲ್ ಮಧ್ಯದಲ್ಲಿ ಹುಟ್ಟಿದ ಮರಿಗೆ ಅದು ಜುಲೈನಿಂದ ನವೆಂಬರ್ ತನಕ ಬರುತ್ತದೆ. ಮಳೆ ಬಿಟ್ಟು ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಹೊತ್ತಿಗೆ ಹಲ್ಲೂ ಒಂದು ಹಂತಕ್ಕೆ ಬಂದಿರುತ್ತದೆ.

ಬಿದ್ದ ಹಲ್ಲು ನಿಮಗೆ ಸಿಗುವುದೇ ಅಪರೂಪ. ಹೆಚ್ಚಿನವನ್ನು ಮರಿ ನುಂಗಿಬಿಡುತ್ತದೆ, ಅದರಿಂದ ಏನೂ ಆಗುವುದಿಲ್ಲ. ಆಟಿಕೆಯ ಮೇಲೆ ಒಂದೆರಡು ಚುಕ್ಕೆ ರಕ್ತ ಕಂಡರೂ ಗಾಬರಿ ಬೇಡ. ಆದರೆ ಹೊಸ ಕೋರೆಹಲ್ಲು ಬಂದ ಮೇಲೂ ಹಳೆಯದು ಪಕ್ಕದಲ್ಲೇ ಗಟ್ಟಿಯಾಗಿ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಿ. ಅದು ತಾನಾಗಿ ಬೀಳದಿದ್ದರೆ ತೆಗೆಸಬೇಕಾಗುತ್ತದೆ. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಜಾಸ್ತಿ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಮರಿ ಕಚ್ಚುವುದೆಲ್ಲ ಹಲ್ಲಿನ ನೋವಿಗಲ್ಲ. ಬೆಳಿಗ್ಗೆ ಒಂದೇ ವಸ್ತುವನ್ನು ಹಿಡಿದು, ದವಡೆಯ ಒಂದೇ ಬದಿಯಲ್ಲಿ ನಿಧಾನವಾಗಿ ಅಗಿಯುತ್ತಿದ್ದರೆ ಅದು ಹಲ್ಲು. ಮಧ್ಯಾಹ್ನ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು, ನಿಮ್ಮ ಮುಖ ನೋಡಿ ಓಡಿದರೆ ಅದು ಬೇಜಾರು. ಸಂಜೆ ಏಳರ ಹೊತ್ತಿಗೆ ಹುಚ್ಚು ಹಿಡಿದಂತೆ ಕಾಲು, ಪಂಚೆ, ಸೀರೆಯ ಅಂಚು ಅಂತ ಹಾರುತ್ತಿದ್ದರೆ ಅದು ನಿದ್ದೆ. ಚಿಕ್ಕ ಮಕ್ಕಳು ನಿದ್ದೆ ಬಂದಾಗ ರಚ್ಚೆ ಹಿಡಿಯುತ್ತವಲ್ಲ, ಹಾಗೆಯೇ. ಮರಿಗೆ ದಿನಕ್ಕೆ ಹದಿನೆಂಟು ಗಂಟೆಯ ಹತ್ತಿರ ನಿದ್ದೆ ಬೇಕು. ಆ ಹೊತ್ತಿನಲ್ಲಿ ನೀವು ಎಂತಹ ಆಟಿಕೆ ಕೊಟ್ಟರೂ ಅದನ್ನು ಬಿಟ್ಟು ನಿಮ್ಮ ಹೆಬ್ಬೆರಳನ್ನೇ ಹಿಡಿಯುತ್ತದೆ.

ಆದ್ದರಿಂದ "ಯಾವುದು ಒಳ್ಳೆಯದು" ಎಂದು ಕೇಳುವ ಮೊದಲು "ಯಾವ ಹೊತ್ತಿಗೆ" ಎಂದು ಕೇಳಿಕೊಳ್ಳಿ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಹಾಗೆಯೇ ಮಾಡಿದ್ದೇನೆ.

ತಂಪು ವಸ್ತುಗಳು: ಬಟ್ಟೆಯೋ ಕ್ಯಾರೆಟ್ಟೋ?

ಊದಿದ ವಸಡಿಗೆ ತಂಪು ಹಿತ. ಎಲ್ಲರೂ ಹೇಳುವುದು ಒಂದೇ: ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಹಗ್ಗದಂತೆ ತಿರುಚಿ ಫ್ರೀಜರ್‌ನಲ್ಲಿಟ್ಟು ಕೊಡಿ. ಮಾತು ಸರಿ. ಆದರೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಮನೆಯಲ್ಲಿ ಫ್ರೀಜರ್ ಎಂದರೆ ವಾಸನೆ ಬರುವ ಒಂದು ಪೆಟ್ಟಿಗೆ. ಆಗ ನಾನು ಕಂಡುಕೊಂಡ ಉಪಾಯ ಸುಲಭದ್ದು. ಜುಲೈ ತಿಂಗಳ ನಮ್ಮ ಬಾವಿಯ ನೀರು ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಅದರಲ್ಲಿ ನೆನೆಸಿದರೂ ಸಾಕು.

ಬಟ್ಟೆಯಲ್ಲಿ ಎರಡು ಕೊರತೆ ಇದೆ. ಒಂದು, ನೂಲು ಬಿಚ್ಚಿಕೊಳ್ಳುತ್ತದೆ. ಉದ್ದ ನೂಲು ಕರುಳಿಗೆ ಹೋದರೆ ಆಪರೇಷನ್ ತನಕ ಹೋಗಬಹುದು. ಹಾಗಾಗಿ ಎದುರಿಗೆ ಕೂತಿದ್ದಾಗ ಮಾತ್ರ ಕೊಡಬೇಕು. ಎರಡು, ಈ ಬಟ್ಟೆ ಬೇರೆ, ಹಗ್ಗದಲ್ಲಿ ನೇತಾಡುವ ಟವೆಲ್ ಬೇರೆ ಎಂದು ಮರಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಒಂದೇ ವಾರಕ್ಕೆ ಸ್ನಾನದ ಟವೆಲ್ಲುಗಳ ಅಂಚು ಹೋಯಿತು. ಹಳೇ ಚಪ್ಪಲಿ ಕೊಟ್ಟು ಸುಮ್ಮನಾಗಿಸುವವರಿಗೂ ಇದೇ ಮಾತು. ಹಳೇ ಗಂಬೂಟು ಕಚ್ಚಲು ಕಲಿತವನಿಗೆ ಹೊಸದು ಇನ್ನೂ ರುಚಿ.

ಕ್ಯಾರೆಟ್ ನನ್ನ ಲೆಕ್ಕದಲ್ಲಿ ಬಟ್ಟೆಗಿಂತ ಎಷ್ಟೋ ವಾಸಿ. ದಪ್ಪನೆಯದನ್ನು ತೊಳೆದು ಇಡಿಯಾಗಿ ಕೊಡಿ. ಸಂತೆಯಲ್ಲಿ ಕೊಳ್ಳುವಾಗ ಹೆಬ್ಬೆರಳಿಗಿಂತ ದಪ್ಪ ಇರುವುದನ್ನೇ ಆರಿಸಿ. ಅಗಿದು ಅಗಿದು ಗಿಡ್ಡವಾಗಿ, ಇಡೀ ಬಾಯೊಳಗೆ ಹೋಗುವಷ್ಟಾದಾಗ ಕಿತ್ತುಕೊಳ್ಳಿ. ಗುಂಡು ಗುಂಡಾಗಿ ಹೆಚ್ಚಿ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮರುದಿನ ಕಕ್ಕಸಿನಲ್ಲಿ ಕೆಂಪು ಚೂರು ಕಂಡರೆ ಹೆದರಬೇಡಿ, ಅದು ಹಾಗೆಯೇ. ಸೌತೆಕಾಯಿಯೂ ಆಗುತ್ತದೆ, ಆದರೆ ಎರಡು ನಿಮಿಷಕ್ಕೆ ಖಾಲಿ. ಬೆಳಗಿನ ಹಲ್ಲುನೋವಿನ ಹೊತ್ತಿಗೆ ನಮ್ಮ ಮನೆಯಲ್ಲಿ ಕ್ಯಾರೆಟ್ಟೇ ಗೆದ್ದಿತು.

ರಬ್ಬರ್ ಆಟಿಕೆ

ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ. ನಡುವೆ ಟೊಳ್ಳಿರುವ, ತಿನಿಸು ತುಂಬಿಸಬಹುದಾದ ರಬ್ಬರ್ ಆಟಿಕೆ. ಕಾಂಗ್ ಕಂಪನಿಯದು ಹೆಸರುವಾಸಿ. ಅದರಲ್ಲಿ ಮರಿಗಳಿಗೆಂದೇ ಮೆತ್ತನೆಯ ರಬ್ಬರಿನದು ಬೇರೆ ಬರುತ್ತದೆ. ದೊಡ್ಡ ನಾಯಿಯ ಗಟ್ಟಿ ರಬ್ಬರ್ ತಂದರೆ ಮರಿ ಮೂಸಿ ನೋಡಿ ಹೋಗುತ್ತದೆ. ಕಂಪನಿ ಯಾವುದೇ ಇರಲಿ, ಎರಡು ಪರೀಕ್ಷೆ ಮಾಡಿ. ಹೆಬ್ಬೆರಳ ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು. ಉಗುರು ಇಳಿಯದಷ್ಟು ಗಟ್ಟಿ ಇದ್ದರೆ ಹಲ್ಲು ಒಡೆಯುತ್ತದೆ. ಆಮೇಲೆ, ಇಡೀ ಆಟಿಕೆ ಬಾಯೊಳಗೆ ಹೋಗಬಾರದು. ಮರಿ ತಿಂಗಳು ತಿಂಗಳಿಗೂ ಬೆಳೆಯುತ್ತದೆ. ಜುಲೈನಲ್ಲಿ ಸರಿ ಇದ್ದ ಅಳತೆ ಸೆಪ್ಟೆಂಬರ್‌ನಲ್ಲಿ ಸಣ್ಣದಾಗಿರುತ್ತದೆ.

ತುಂಬಿಸುವುದಕ್ಕೆ ಪೇಟೆಯ ಪೇಸ್ಟ್ ಬೇಕಿಲ್ಲ. ಮೊಸರನ್ನ, ಬೇಯಿಸಿದ ಗೆಣಸು, ಸಿಹಿಗುಂಬಳ, ದಪ್ಪ ರಾಗಿ ಅಂಬಲಿ, ಇವೇ ಸಾಕು. ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಅನ್ನವಂತೂ ಬೇಡವೇ ಬೇಡ. ಕರೆಂಟ್ ಇದ್ದ ದಿನ ಫ್ರೀಜ್ ಮಾಡಿ ಕೊಟ್ಟರೆ ಅರ್ಧ ಗಂಟೆ ನಿಮಗೆ ಬಿಡುವು. ಇಲ್ಲದ ದಿನ ಆಟಿಕೆಯ ಬಾಯಿಗೆ ಒಂದು ಕ್ಯಾರೆಟ್ ಚೂರು ಬಿರಟೆಯಂತೆ ಒತ್ತಿ ಕೊಡಿ. ಹತ್ತು ನಿಮಿಷವಾದರೂ ಬರುತ್ತದೆ. ಕಡಲೆಕಾಯಿ ಬೆಣ್ಣೆ ಹಾಕುವವರು ಡಬ್ಬಿಯ ಮೇಲೆ ಓದಿ. ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ್ದರೆ ನಾಯಿಗೆ ಅದು ವಿಷ.

ಕೀಂ ಕೀಂ ಅನ್ನುವ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನು ನಾನು ಎರಡು ತಂದೆ. ಒಂದು ಮಧ್ಯಾಹ್ನದ ಬಾಳಿಕೆ. ಒಳಗಿನ ಪೀಪಿಯನ್ನು ಅವನ ಗಂಟಲಿನಿಂದ ಬೆರಳು ಹಾಕಿ ತೆಗೆದೆ. ಹಗ್ಗದ ಆಟಿಕೆ ಎಳೆದಾಟಕ್ಕೆ ಚೆನ್ನ, ಆಟ ಮುಗಿದ ಮೇಲೆ ಎತ್ತಿಡಬೇಕು. ಅದರಲ್ಲೂ ನೂಲಿನ ಕಥೆಯೇ.

ಕಾಫಿ ಕಡ್ಡಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಎಲ್ಲರ ತಲೆಗೂ ಮೊದಲು ಬರುವ ಉಪಾಯ ಇದೇ.

ಆನ್‌ಲೈನ್ ಅಂಗಡಿಗಳಲ್ಲಿ ಕಾಫಿ ಗಿಡದ ಕಾಂಡವನ್ನು ಉಜ್ಜಿ ನಯ ಮಾಡಿ, ನಾಯಿ ಅಗಿಯುವ ಕಟ್ಟಿಗೆ ಎಂದು ಮಾರುತ್ತಾರೆ. ಒಂದು ತುಂಡಿಗೆ ನೂರಾರು ರೂಪಾಯಿ. ಗಿಡದ ರೆಂಬೆ ಸವರುವ ಕಪಾತು ಮುಗಿದ ಮೇಲೆ ನಾವು ಬಚ್ಚಲೊಲೆಗೆ ಹಾಕುವ ಸೌದೆ ಅದು! ಹೊಟ್ಟೆ ಉರಿಯುತ್ತದೆ, ಅಲ್ವಾ? ನಾನೂ ಕೂಡಲೇ ತೋಟಕ್ಕೆ ಹೋಗಿ ಒಂದು ಕೈ ಉದ್ದದ ಕಡ್ಡಿ ಕಡಿದು ತಂದೆ.

ಕಾಫಿ ಮರದ ಗುಣ ನಿಜಕ್ಕೂ ಒಳ್ಳೆಯದೇ. ಎಳೆ ಬಿಗಿ. ಬಿದಿರಿನಂತೆ ಚೂಪು ಸಿಬಿರಾಗಿ ಸೀಳುವುದಿಲ್ಲ, ನಾರು ನಾರಾಗಿ ಸವೆಯುತ್ತದೆ. ಕೆಫೀನ್ ಮುಖ್ಯವಾಗಿ ಇರುವುದು ಬೀಜ ಮತ್ತು ಎಲೆಯಲ್ಲಿ. ಹಾಗಾದರೆ ತೊಂದರೆ ಏನು? ಒಂದನೆಯದು ಗಟ್ಟಿತನ. ಒಣಗಿದ ಕಾಫಿ ಕಾಂಡಕ್ಕೆ ಉಗುರು ಇಳಿಯುವುದಿಲ್ಲ. ಹಾಲುಹಲ್ಲಿಗೂ ಈಗಷ್ಟೇ ಬಂದ ಹೊಸ ಹಲ್ಲಿಗೂ ಅದು ಜಾಸ್ತಿಯಾಯಿತು. ಎರಡನೆಯದು ಮೈಲುತುತ್ತ. ಮಳೆಗೆ ಮುಂಚೆ ಎಲೆ ತುಕ್ಕಿಗೆ, ಕೊಳೆರೋಗಕ್ಕೆ ಅಂತ ನಾವು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ. ಅದರ ತಾಮ್ರ ತೊಗಟೆಯ ಮೇಲೆ ಕೂತಿರುತ್ತದೆ. ನಾನು ತಂದ ಕಡ್ಡಿಯ ತೊಗಟೆಯ ಮೇಲೆ ನೀಲಿ ಕಲೆ ಕಂಡಿದ್ದು ಅದು ಜಿಮ್ಮಿಯ ಬಾಯಿಗೆ ಹೋದ ಮೇಲೆ.

ನನ್ನ ತೀರ್ಮಾನ ಹೀಗೆ. ಏಳು ತಿಂಗಳ ತನಕ ಕಾಫಿ ಕಡ್ಡಿ ಬೇಡ. ಆಮೇಲೆ ಕೊಡುವುದಾದರೆ ಔಷಧಿ ಹೊಡೆಯದ ಗಿಡದ್ದು, ತೊಗಟೆ ಪೂರ್ತಿ ಕೆತ್ತಿದ್ದು, ತೊಳೆದು ಒಣಗಿಸಿದ್ದು ಮಾತ್ರ. ಅದೂ ನಿಮ್ಮ ಕಣ್ಣೆದುರಿಗೆ. ಪೇಟೆಯದಕ್ಕೂ ಮನೆಯದಕ್ಕೂ ಇರುವ ವ್ಯತ್ಯಾಸ ಈ ಕೆತ್ತುವ, ಉಜ್ಜುವ ಕೆಲಸ. ಅಷ್ಟು ತಾಳ್ಮೆ ಇದ್ದರೆ ದುಡ್ಡು ಉಳಿಯುತ್ತದೆ.

ಬೇರೆ ಕಟ್ಟಿಗೆಗಳ ಬಗ್ಗೆ ಕೇಳಲೇಬೇಡಿ. ಬಿದಿರು ವಸಡಿಗೆ ಚುಚ್ಚುತ್ತದೆ. ಕಣಗಿಲೆ ಕಡ್ಡಿ ಪ್ರಾಣವನ್ನೇ ತೆಗೆಯುತ್ತದೆ. ತೆಂಗಿನ ಸಿಪ್ಪೆ ಕೊಡುವ ರೂಢಿ ಕೆಲವರಲ್ಲಿದೆ. ಮರಿ ಅದನ್ನು ಖುಷಿಯಿಂದ ಅಗಿಯುತ್ತದೆ, ನಾರನ್ನೂ ನುಂಗುತ್ತದೆ. ನಾನು ಒಂದೇ ದಿನಕ್ಕೆ ನಿಲ್ಲಿಸಿದೆ.

ಎಲುಬು, ಚರ್ಮದ ಗಂಟು

ನಮ್ಮ ಕೈಲ್ ಮುಹೂರ್ತ ಹಬ್ಬದ ಮಾರನೇ ದಿನ ಪಂದಿಕರಿಯ ಎಲುಬು ಪಾತ್ರೆ ತುಂಬಾ ಇರುತ್ತದೆ. "ನಾಯಿಗೆ ಎಲುಬು ಹಾಕದೆ ಇನ್ಯಾರಿಗೆ ಹಾಕುವುದು" ಎಂದು ದೊಡ್ಡಮ್ಮ ಕೇಳಿದರು. ಬೆಂದ ಎಲುಬು ಮೆತ್ತಗಾಗುವುದಿಲ್ಲ. ಒಡೆದಾಗ ಸೂಜಿಯಂತೆ ಸೀಳುತ್ತದೆ. ಗಂಟಲಲ್ಲಿ, ಕರುಳಲ್ಲಿ ಎಲ್ಲಿ ಬೇಕಾದರೂ ಚುಚ್ಚಬಹುದು. ಅದರ ಮೇಲೆ ಹಂದಿಯ ಕೊಬ್ಬು, ಮಸಾಲೆಯ ಈರುಳ್ಳಿ ಬೆಳ್ಳುಳ್ಳಿ. ಮರಿಯ ಹೊಟ್ಟೆಗೆ ಇವು ಯಾವುವೂ ಆಗುವುದಿಲ್ಲ. "ನಮ್ಮ ಕಾಲದ ನಾಯಿಗಳು ತಿನ್ನುತ್ತಿರಲಿಲ್ಲವೇ?" ತಿನ್ನುತ್ತಿದ್ದವು ದೊಡ್ಡಮ್ಮ. ಎಷ್ಟು ನಾಯಿ ಯಾಕೆ ಸತ್ತವು ಎಂದು ಆಗ ಯಾರೂ ನೋಡುತ್ತಿರಲಿಲ್ಲ, ಅಷ್ಟೇ.

ಹಸಿ ಎಲುಬು ಸೀಳುವುದು ಕಡಿಮೆ. ಆದರೆ ಹಲ್ಲು ಒಡೆಯುವ ಭಯ, ರೋಗಾಣುವಿನ ಭಯ ಇದ್ದೇ ಇದೆ. ಜಿಂಕೆ ಕೊಂಬು, ದನದ ಗೊರಸು ಅಂತ ಮಾರುವವು ಕಲ್ಲಿನಷ್ಟು ಗಟ್ಟಿ. ಅಂಗಡಿಯಲ್ಲಿ ನೇತು ಹಾಕಿರುವ ಬಿಳಿ ಚರ್ಮದ ಗಂಟು ಬೇರೆ ತರಹದ ಅಪಾಯ. ನೆನೆದು ಜಿಗುಟಾಗಿ, ಒಂದು ದೊಡ್ಡ ತುಂಡು ಹಾಗೇ ಕಳಚಿ ಗಂಟಲಿಗೆ ಇಳಿಯುತ್ತದೆ. ಈ ಸಾಲಿನಲ್ಲಿ ನಾನು ಯಾವುದನ್ನೂ ಆರಿಸುವುದಿಲ್ಲ.

ಕಹಿ ಸ್ಪ್ರೇ, ಹುಳಿ, ಖಾರ

ಸಾಮಾನಿಗೆ ಹಚ್ಚುವ ಕಹಿ ಸ್ಪ್ರೇ ಕೆಲವು ಮರಿಗಳ ಮೇಲೆ ಕೆಲಸ ಮಾಡುತ್ತದೆ, ಕೆಲವಕ್ಕೆ ಲೆಕ್ಕವೇ ಇಲ್ಲ. ಹಚ್ಚುವ ಮುಂಚೆ ಹತ್ತಿಗೆ ಸ್ವಲ್ಪ ಹಾಕಿ ಮೂಸಲು ಕೊಟ್ಟು ನೋಡುವುದು ಒಳ್ಳೆಯದು. ಕೆಲಸ ಮಾಡಿದರೂ ದಿನಾ ಹೊಡೆಯಬೇಕು. ಕುರ್ಚಿ ಕಾಲಿನಂತಹ ಎತ್ತಿಡಲಾಗದ ವಸ್ತುವಿಗೆ ಮಾತ್ರ ಇದು ಸರಿ. ವೈರ್‌ಗೆ ಇದನ್ನು ನಂಬಬೇಡಿ. ವೈರನ್ನು ಎತ್ತರಕ್ಕೆ ಕಟ್ಟಿ ಅಥವಾ ಪೈಪಿನೊಳಗೆ ಹಾಕಿ.

ನಾನು ಮೊದಲು ಮನೆಯ ಹುಳಿಯನ್ನೇ ನೆಚ್ಚಿದೆ. ಕಾಚಂಪುಳಿ ನೀರು ಮಾಡಿ ಗಂಬೂಟಿಗೆ ಸವರಿದೆ. ಜಿಮ್ಮಿ ನೆಕ್ಕಿದ, ಮುಖ ಹಿಂಡಿದ, ಮತ್ತೆ ನೆಕ್ಕಿದ. ಅಷ್ಟು ಬೆಲೆಯ ಹುಳಿಯನ್ನು ಬೂಟಿಗೆ ಸುರಿದದ್ದಕ್ಕೆ ಅಮ್ಮ ಎರಡು ದಿನ ಮಾತಾಡಲಿಲ್ಲ. ಮೆಣಸಿನಪುಡಿ ಹಚ್ಚಿ ಎಂದವರೂ ಇದ್ದಾರೆ. ಕಣ್ಣು ಮೂಗಿಗೆ ಹೋಗಿ ಮರಿ ನರಳುತ್ತದೆ, ಕಲಿಯುವುದು ಮಾತ್ರ ಏನೂ ಇಲ್ಲ.

ಕಟ್ಟಿಹಾಕುವುದೋ, ಕಟಾಂಜನವೋ?

"ಕಟ್ಟಿ ಹಾಕಿ ಅಣ್ಣ, ತಾನಾಗಿ ಸರಿ ಹೋಗುತ್ತದೆ." ನಮ್ಮ ಕಡೆ ಇದೇ ಹಳೇ ಮದ್ದು. ಶೆಡ್ಡಿನ ಕಂಬಕ್ಕೆ ಸರಪಳಿ. ಮರಿ ಸರಪಳಿಯನ್ನೇ ಕಚ್ಚುತ್ತದೆ, ಹಲ್ಲು ಸವೆಯುತ್ತದೆ. ದಿನವಿಡೀ ಕೂಗುತ್ತದೆ. ಚಿರತೆ ಓಡಾಡುವ ಊರುಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಏನಾಗುತ್ತದೆ ಎಂದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ.

ನಾವು ಜಗಲಿಯ ಒಂದು ಮೂಲೆಗೆ ಮರದ ಕಟಾಂಜನ, ಅಂದರೆ ಹಲಗೆಯ ಅಡ್ಡಬೇಲಿ, ಹೊಡೆದೆವು. ನಾಲ್ಕಡಿ ಅಗಲ, ಆರಡಿ ಉದ್ದ. ಕೆಳಗೆ ಗೋಣಿಚೀಲ, ನೀರು, ಒಂದು ರಬ್ಬರ್ ಆಟಿಕೆ. ಗೋಣಿಯ ನಾರು ಕಿತ್ತು ತಿನ್ನಲು ಶುರು ಮಾಡಿದಾಗ ಅದನ್ನು ತೆಗೆದು ದಪ್ಪ ರಬ್ಬರ್ ಚಾಪೆ ಹಾಕಿದೆವು. ಮೊದಲ ದಿನ ಊಟವನ್ನೂ ಅದರೊಳಗೇ ಕೊಟ್ಟು, ಬಾಗಿಲು ತೆರೆದೇ ಇಟ್ಟು, ಅದು ಒಳ್ಳೆಯ ಜಾಗ ಎನ್ನುವ ಹಾಗೆ ಮಾಡಿದೆವು. ಮೂರನೇ ದಿನದಿಂದ ಸಂಜೆ ಏಳಕ್ಕೆ ಒಳಗೆ ಬಿಟ್ಟರೆ ಐದು ನಿಮಿಷ ಗೊಣಗಿ ಮಲಗುತ್ತಿದ್ದ. ಯಾವ ಆಟಿಕೆಯೂ ಮಾಡದ ಕೆಲಸವನ್ನು ಈ ಮೂಲೆ ಮಾಡಿತು. ಸಂಜೆಯ ಆ ಕಚ್ಚಾಟ ಪೂರ್ತಿ ನಿದ್ದೆಯದೇ ಆಗಿತ್ತು. ಆದರೆ ಇದನ್ನು ಶಿಕ್ಷೆಗೆ ಬಳಸಬೇಡಿ. ಒಂದೇ ಸಲಕ್ಕೆ ಗಂಟೆಗಟ್ಟಲೆ ಬಿಡಲೂ ಬೇಡಿ. ಮೂರು ತಿಂಗಳ ಮರಿಗೆ ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಹೊರಗೆ ಬರಲೇಬೇಕು.

ಮಧ್ಯಾಹ್ನದ ಬೇಜಾರಿಗೆ ಅದಲುಬದಲು ಆಟ ಸಾಕು. ಬಾಯಲ್ಲಿ ಬೂಟು ಇದ್ದರೆ ಅಟ್ಟಿಸಿಕೊಂಡು ಹೋಗಬೇಡಿ, ಅದು ಅವನಿಗೆ ಆಟವಾಗುತ್ತದೆ. ಕೈಯಲ್ಲಿ ಒಂದು ತಿನಿಸು ತೋರಿಸಿ, "ಬಿಡು" ಎನ್ನಿ, ಬಿಟ್ಟ ಕೂಡಲೇ ಕೊಡಿ, ಆಮೇಲೆ ಅವನ ಆಟಿಕೆ ಕೊಡಿ. ಹರಿದು ಹಾಕಿ ಅರ್ಧ ಗಂಟೆಯಾದ ಮೇಲೆ ಹೊಡೆದರೆ ಯಾಕೆ ಹೊಡೆದಿರಿ ಎನ್ನುವುದೇ ಮರಿಗೆ ಗೊತ್ತಾಗುವುದಿಲ್ಲ. ಮಳೆ ಬಿಡದ ದಿನ ಹಳೇ ರಟ್ಟಿನ ಪೆಟ್ಟಿಗೆಯೊಳಗೆ ನಾಲ್ಕು ಕಾಳು ತಿನಿಸು ಹಾಕಿ ಹುಡುಕಲು ಬಿಡಿ. ರಟ್ಟು ತಿನ್ನದೆ ಸುಮ್ನೆ ಹರಿಯುವ ಮರಿಯಾದರೆ ಇದಕ್ಕಿಂತ ಅಗ್ಗದ ಆಟ ಬೇರೆ ಇಲ್ಲ.

ತೋಟದ ಮನೆಗಳಿಗೆ ಕೆಲವು ಎಚ್ಚರ

ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸು ಇದು. ಕಣದಲ್ಲಿ ಒಣಗಲು ಹಾಕಿದ ಕಾಫಿ ಹಣ್ಣು ಸಿಹಿ, ಒಳಗಿನ ಬೀಜದಲ್ಲಿ ಕೆಫೀನ್. ಮರಿಯನ್ನು ಕಣಕ್ಕೆ ಬಿಡಬೇಡಿ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ತೋಟದಲ್ಲಿ ಮೆಟಾಲ್ಡಿಹೈಡ್ ಗುಳಿಗೆ ಹಾಕುತ್ತಾರಲ್ಲ, ನಾಯಿಗಳಿಗೆ ಅದರ ವಾಸನೆ ಇಷ್ಟವಾಗುತ್ತದೆ. ತಿಂದರೆ ನಡುಕ, ಫಿಟ್ಸ್ ಬರುತ್ತದೆ, ಗಂಟೆಗಳಲ್ಲೇ ಸಾಯಬಹುದು. ಇಲಿ ಪಾಷಾಣವೂ ಅಷ್ಟೇ. ಮನೆಗೆ ಬರುವ ನೆಂಟರ ಕೈಚೀಲದ ಹೋಮ್‌ಮೇಡ್ ಚಾಕೊಲೇಟ್, ಒಣದ್ರಾಕ್ಷಿ, ವೈನ್ ಮಾಡಿ ಉಳಿದ ದ್ರಾಕ್ಷಿಯ ಚರಟ, ಎಲ್ಲ ಎತ್ತರದಲ್ಲಿರಲಿ. ಏನಾದರೂ ತಿಂದಿದ್ದರೆ ಕಾಯಬೇಡಿ. ರಾತ್ರಿ ಹೊತ್ತು ದೊಡ್ಡ ಚಿಕಿತ್ಸೆ ಬೇಕೆಂದರೆ ಮೈಸೂರಿಗೇ ಹೋಗಬೇಕಾಗಬಹುದು. ಮಡಿಕೇರಿಯಿಂದ ಅದು ಸುಮಾರು 120 ಕಿಲೋಮೀಟರ್. ಹತ್ತಿರದ ಪಶುವೈದ್ಯರ ನಂಬರನ್ನು ಮರಿ ತಂದ ದಿನವೇ ಗೋಡೆಗೆ ಬರೆದಿಡಿ.

ಮಕ್ಕಳ ವಸಡಿಗೆ ಹಚ್ಚುವ ಜೆಲ್, ಪ್ಯಾರಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಮರಿಗೆ ಕೊಡಬೇಡಿ. ಇನ್ನು, ಆಟದಲ್ಲೇ ಆದರೂ ಹಾಲುಹಲ್ಲು ಚರ್ಮ ಸೀಳಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕೇಳಿ. "ಮರಿ ಅಲ್ವಾ" ಎಂದು ಬಿಡಬೇಡಿ, ರೇಬೀಸ್ ಮರಿಯಿಂದಲೂ ಬರುತ್ತದೆ. ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆಗೆ ತಡ ಮಾಡಬೇಡಿ.

ನನ್ನ ಆಯ್ಕೆ

ಎಂಟು ವಾರದ ಮರಿ ತಂದು ಇವತ್ತೇ ಏನಾದರೂ ಕೊಳ್ಳಬೇಕು ಎನ್ನುವವರಿಗೆ ಹೀಗೆ ಹೇಳುತ್ತೇನೆ. ಒಂದು ಮೆತ್ತನೆಯ ಟೊಳ್ಳು ರಬ್ಬರ್ ಆಟಿಕೆ, ವಾರಕ್ಕೆ ಒಂದು ಕಿಲೋ ದಪ್ಪ ಕ್ಯಾರೆಟ್, ನಾಲ್ಕು ಹಲಗೆ ಹೊಡೆದ ಒಂದು ಮೂಲೆ. ಫ್ಲಾಟಿನಲ್ಲಿದ್ದು ಫ್ರೀಜರ್ ನಂಬಬಹುದಾದರೆ ಆಟಿಕೆ ಎರಡು ಕೊಳ್ಳಿ, ಒಂದು ಬಾಯಲ್ಲಿರುವಾಗ ಇನ್ನೊಂದು ಫ್ರೀಜರ್‌ನಲ್ಲಿರಲಿ. ನಮ್ಮಂತೆ ಕರೆಂಟ್ ಇಲ್ಲದವರು ಆ ದುಡ್ಡನ್ನು ಹಲಗೆಗೆ ಹಾಕಿ. ದಿನವಿಡೀ ತೋಟದಲ್ಲಿದ್ದು ಮನೆಯಲ್ಲಿ ಯಾರೂ ಇಲ್ಲ ಎನ್ನುವವರು ಮಳೆಗಾಲದಲ್ಲಿ ಮರಿ ತರುವುದನ್ನೇ ಮುಂದೂಡಿದರೆ ಒಳ್ಳೆಯದು.

ಏಳು ತಿಂಗಳಿಗೆ ಹಲ್ಲು ಬಂದು ಮುಗಿದರೂ ಅಗಿಯುವುದು ನಿಲ್ಲುವುದಿಲ್ಲ. ದವಡೆಗೆ ಬಲ ಬಂದು, ವರ್ಷ ದಾಟುವ ತನಕ ಇನ್ನೊಂದು ಸುತ್ತು ಇರುತ್ತದೆ. ಮರಿಯ ಮೆತ್ತನೆ ರಬ್ಬರನ್ನು ಆಗ ತುಂಡು ಮಾಡಿ ನುಂಗುತ್ತದೆ, ಗಟ್ಟಿಯದಕ್ಕೆ ಬದಲಾಯಿಸಿ. ಜಿಮ್ಮಿಗೆ ಈಗ ವರ್ಷ ಕಳೆದಿದೆ. ಕಟಾಂಜನ ಬಿಚ್ಚಿ ಕೋಳಿ ಗೂಡಿಗೆ ಹಾಕಿದೆವು. ಗಂಬೂಟುಗಳನ್ನು ಮಾತ್ರ ಇವತ್ತಿಗೂ ಜಗಲಿಯ ಮೊಳೆಗೆ ತಲೆಕೆಳಗಾಗಿ ನೇತು ಹಾಕುತ್ತೇವೆ. ಹಾಗೆ ಹಾಕಿದರೆ ಬೇಗ ಒಣಗುತ್ತವೆ ಎನ್ನುವುದೂ ಆಗಲೇ ಗೊತ್ತಾಗಿದ್ದು.